ಫಿರ್ನಿಯ ಬಟ್ಟಲು ಮತ್ತು ಟಿ.ವಿ.ಯ ಸ್ವಯಂವರ

2009ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲೊಂದು ಹೊಸ ರೂಢಿ ಬಿತ್ತು. ಮಧ್ಯಾಹ್ನವೇ ಖಾಲಾ ಅಕ್ಕಿ ನೆನೆಹಾಕಿ, ತರಿತರಿಯಾಗಿ ರುಬ್ಬಿ, ಕುದಿಯುವ ಹಾಲಿಗೆ ಸುರಿದು, ತಳ ಹಿಡಿಯದಂತೆ ಕೈಬಿಡದೆ ತಿರುವಿ, ಸಕ್ಕರೆ, ಏಲಕ್ಕಿ ಹಾಕಿ ಫಿರ್ನಿ ಮಾಡುತ್ತಿದ್ದರು. ಅದನ್ನು ಮಣ್ಣಿನ ಬಟ್ಟಲುಗಳಿಗೇ ತುಂಬಬೇಕು. ಮಣ್ಣು ನೀರಿನಂಶ ಹೀರಿಕೊಳ್ಳುತ್ತದೆ, ಫಿರ್ನಿ ಗಟ್ಟಿಯಾಗಿ ತಣ್ಣಗಾಗುತ್ತದೆ. ಸ್ಟೀಲಿನ ಬಟ್ಟಲಲ್ಲಿ ಇಟ್ಟದ್ದು ಫಿರ್ನಿಯಲ್ಲ, ಅಂಬಲಿ ಎಂದು ಅವರ ತೀರ್ಪು. ರಾತ್ರಿ ಊಟವಾದ ಮೇಲೆ ನಾವೆಲ್ಲ ಒಂದೊಂದು ಬಟ್ಟಲು ಹಿಡಿದು ಟಿ.ವಿ. ಮುಂದೆ ಕೂರುತ್ತಿದ್ದೆವು. ಎನ್‌ಡಿಟಿವಿ ಇಮ್ಯಾಜಿನ್ ಚಾನೆಲ್ಲಿನಲ್ಲಿ 'ರಾಖಿ ಕಾ ಸ್ವಯಂವರ್' ಬರುತ್ತಿತ್ತು. ನಟಿ ರಾಖಿ ಸಾವಂತ್ 16 ಮಂದಿ ಗಂಡಸರಲ್ಲಿ ಒಬ್ಬನನ್ನು ವರನಾಗಿ ಆರಿಸಬೇಕು.

"ಇವನ ನಗು ಸರಿಯಿಲ್ಲ", "ಅವನಿಗೆ ಆಗಲೇ ಕೂದಲು ಉದುರಿದೆ", "ತಾಯಿಯ ಮಾತು ಮೀರುವವನಲ್ಲ ಬಿಡು". ಚಮಚ ಬಾಯಿಗಿಡುತ್ತಲೇ ಇಂಥ ಮಾತುಗಳು. ಈ ಮಾತುಗಳನ್ನು ಎಲ್ಲೋ ಕೇಳಿದ್ದೇವಲ್ಲ ಎಂದು ಒಂದು ರಾತ್ರಿ ಅನಿಸಿತು. ನಮ್ಮದೇ ಮನೆಯ ಹಜಾರದಲ್ಲಿ, ನಮ್ಮ ಹುಡುಗಿಯರನ್ನು ನೋಡಲು ಬಂದವರ ಬಾಯಲ್ಲಿ ಕೇಳಿದ್ದೆವು. ಆಗ ಅವರ ಕೈಯಲ್ಲಿದ್ದದ್ದೂ ಇದೇ ಫಿರ್ನಿ.

ಹೆಣ್ಣು ನೋಡುವುದಕ್ಕೂ ಸಿಹಿಗೂ ಇರುವ ನಂಟು ಒಂದು ಸಮುದಾಯದ್ದಲ್ಲ. ಮೈಸೂರು ಸೀಮೆಯ ಹಿಂದೂ ಮನೆಗಳಲ್ಲಿ ಉಪ್ಪಿಟ್ಟು, ಕೇಸರಿಭಾತು ಎಂದರೆ ಸಾಕು, ಗಂಡಿನ ಕಡೆಯವರು ಬಂದಿದ್ದಾರೆಂದೇ ಅರ್ಥ. ನಮ್ಮಲ್ಲಿ ಸೂಜಿಯ ಹಲ್ವ ಅಥವಾ ಫಿರ್ನಿ. ತಟ್ಟೆ ಹಿಡಿದು ಬರುವವಳು ಹುಡುಗಿ, ತಲೆಯ ಮೇಲೆ ದುಪಟ್ಟ, ನೋಟ ನೆಲದ ಮೇಲೆ. "ನಮ್ಮ ಮಗಳೇ ಮಾಡಿದ್ದು" ಎಂಬ ಸುಳ್ಳನ್ನು ತಾಯಂದಿರು ಎಲ್ಲ ಧರ್ಮಗಳಲ್ಲೂ ಹೇಳುತ್ತಾರೆ. ಆ ತಟ್ಟೆಯಲ್ಲಿರುವ ಬಿಳಿ ಸಕ್ಕರೆಗೂ ಬಹಳ ವಯಸ್ಸಾಗಿಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕೆ ಮುಂಚೆ ಸಾಮಾನ್ಯರ ಮನೆಯ ಸಿಹಿಯೆಂದರೆ ಬಹುಪಾಲು ಬೆಲ್ಲದ್ದೇ.

ಇದಕ್ಕಿಂತ ಬಹಳ ಹಳೆಯದಾದ ಒಂದು ಮದುವೆಯ ಸಿಹಿ ನಮ್ಮ ಚರಿತ್ರೆಯಲ್ಲಿದೆ. ಹಿಜರಿ 7ರಲ್ಲಿ, ಅಂದರೆ ಕ್ರಿ.ಶ. 628ರಲ್ಲಿ, ಖೈಬರ್‌ನಿಂದ ಹಿಂದಿರುಗುವ ದಾರಿಯಲ್ಲಿ ಹ. ಸಫಿಯ್ಯಾ(ರ) ಅವರೊಂದಿಗೆ ಪ್ರವಾದಿ(ಸ)ಯವರ ವಿವಾಹದ ಔತಣ ನಡೆಯಿತು. ಮಾಂಸವಿರಲಿಲ್ಲ, ರೊಟ್ಟಿಯಿರಲಿಲ್ಲ. ಚರ್ಮದ ಹಾಸು ಹಾಸಿ, ಇದ್ದವರು ಇದ್ದದ್ದನ್ನು ತನ್ನಿ ಎಂದಾಯಿತು. ಒಬ್ಬರು ಖರ್ಜೂರ ತಂದರು, ಒಬ್ಬರು ತುಪ್ಪ, ಇನ್ನೊಬ್ಬರು ಒಣಗಿಸಿದ ಗಿಣ್ಣು. ಎಲ್ಲ ಕಲಸಿ 'ಹೈಸ್' ಎಂಬ ತಿನಿಸಾಯಿತು. ಆ ಸಿಹಿ ಯಾರನ್ನೂ ಪರೀಕ್ಷಿಸಲು ಮಾಡಿದ್ದಲ್ಲ.

ನೋಡುವ ವಿಷಯವೂ ಹಾಗೆಯೇ. ಮದುವೆಯಾಗಬೇಕೆಂದಿದ್ದ ಮುಗೀರಾ ಬಿನ್ ಶುಅಬಾ(ರ) ಅವರಿಗೆ ಮೊದಲು ಹುಡುಗಿಯನ್ನು ನೋಡಿ ಬಾ, ಅದರಿಂದ ನಿಮ್ಮ ನಡುವೆ ಒಲವು ನೆಲೆಸುವ ಸಾಧ್ಯತೆ ಹೆಚ್ಚು ಎಂಬರ್ಥದ ಮಾತನ್ನು ಪ್ರವಾದಿ(ಸ) ಹೇಳಿದ್ದು ತಿರ್ಮಿದಿಯಲ್ಲಿದೆ. ನೋಡುವ ಹಕ್ಕು ಹುಡುಗಿಗೂ ಇದೆಯೆಂದು ನ್ಯಾಯಶಾಸ್ತ್ರಜ್ಞರು ಹೇಳಿದ್ದಾರೆ. ತನಗೆ ಇಷ್ಟವಿಲ್ಲದೆ ತಂದೆ ಮಾಡಿಸಿದ ನಿಕಾಹಿನ ವಿರುದ್ಧ ದೂರು ತಂದ ಖನ್ಸಾ ಬಿಂತ್ ಖಿದಾಮ್(ರ) ಎಂಬ ಮಹಿಳೆಯ ನಿಕಾಹನ್ನು ಪ್ರವಾದಿ(ಸ) ರದ್ದುಪಡಿಸಿದ ವಿಷಯ ಬುಖಾರಿಯಲ್ಲಿದೆ. ಕನ್ಯೆ ನಾಚಿಕೊಂಡರೆ ಅವಳ ಮೌನವೇ ಒಪ್ಪಿಗೆ ಎಂದೂ ಇದೆ ನಿಜ. ಆದರೆ ಮೊದಲು ಕೇಳಬೇಕಲ್ಲ! ನಾವು ಕೇಳುವುದನ್ನು ಕೈಬಿಟ್ಟು ಮೌನವನ್ನಷ್ಟೇ ಇಟ್ಟುಕೊಂಡೆವು.

ಟಿ.ವಿ.ಯವರು ಈ ಆಟವನ್ನು ಕಂಡುಹಿಡಿದದ್ದು ಅಮೆರಿಕದಲ್ಲಿ. 1965ರ ಡಿಸೆಂಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ಚಕ್ ಬ್ಯಾರಿಸ್ ಆರಂಭಿಸಿದ 'ದಿ ಡೇಟಿಂಗ್ ಗೇಮ್'ನಲ್ಲಿ ಒಬ್ಬ ಹುಡುಗಿ, ಗೋಡೆಯ ಆಚೆ ಕೂತ ಮೂವರು ಗಂಡಸರು. ಅವಳು ಅವರ ಮುಖ ನೋಡುವಂತಿಲ್ಲ, ಪ್ರಶ್ನೆ ಕೇಳಿಯೇ ಒಬ್ಬನನ್ನು ಆರಿಸಬೇಕು. ಪರದೆಯ ಹಿಂದೆ ಗಂಡಸರು, ಪ್ರಶ್ನೆ ಕೇಳುವವಳು ಹೆಂಗಸು! 2002ರ ಮಾರ್ಚಿನಲ್ಲಿ ಅದೇ ವಾಹಿನಿ 'ದಿ ಬ್ಯಾಚುಲರ್' ತಂದಾಗ ಎಲ್ಲ ತಿರುಗಿಬಿತ್ತು. ಒಬ್ಬ ಗಂಡಸಿನ ಮುಂದೆ 25 ಹೆಂಗಸರು. ಉಳಿದವಳಿಗೆ ಗುಲಾಬಿ, ಸಿಗದವಳು ಮನೆಗೆ. ಗೆಳತಿಯರು ಒಂದು ಮನೆಯಲ್ಲಿ ಕಲೆತು, ತಾವೇ ಮಾಡಿದ ಕೇಕು, ಬಿಸ್ಕತ್ತು ಹಂಚಿಕೊಂಡು ಅದನ್ನು ನೋಡುವುದು ಅಲ್ಲಿ ರೂಢಿಯಾಯಿತು. ಮರುವರ್ಷವೇ 'ದಿ ಬ್ಯಾಚುಲರೆಟ್' ಬಂದು ಗುಲಾಬಿ ಹೆಣ್ಣಿನ ಕೈಗೂ ಸಿಕ್ಕಿತು.

ಇಲ್ಲಿ 2002ರಲ್ಲೇ ಸೋನಿ ವಾಹಿನಿಯಲ್ಲಿ ಮಾಧುರಿ ದೀಕ್ಷಿತ್ 'ಕಹೀಂ ನಾ ಕಹೀಂ ಕೋಯಿ ಹೈ' ಎಂಬ ಸಂಬಂಧ ಕೂಡಿಸುವ ಕಾರ್ಯಕ್ರಮ ನಡೆಸಿಕೊಟ್ಟರು. ಅದು ಹೆಚ್ಚು ದಿನ ಬಾಳಲಿಲ್ಲ. ರಾಖಿಯ ಸ್ವಯಂವರವನ್ನು ಮಾತ್ರ ದೇಶ ಕಣ್ಣರಳಿಸಿ ನೋಡಿತು. ಅದರ ನಾಟಕೀಯತೆ ನಮಗೂ ಹಿಡಿಸಲಿಲ್ಲ ಎನ್ನಬಹುದು, ಆದರೆ ಒಂದು ಸಂಚಿಕೆಯನ್ನೂ ಬಿಡದೆ ನೋಡಿದೆವು. ಆಗಸ್ಟ್ 2ರಂದು ಟೊರಾಂಟೋದ ಇಲೇಶ್ ಪರುಜನ್‌ವಾಲಾ ಅವರಿಗೆ ಮಾಲೆ ಬಿತ್ತು. ಆದದ್ದು ಮದುವೆಯಲ್ಲ, ನಿಶ್ಚಿತಾರ್ಥ. ಕೆಲವೇ ತಿಂಗಳಲ್ಲಿ ಅದೂ ಮುರಿಯಿತು. 2012ರಲ್ಲಿ ಆ ಚಾನೆಲ್ಲೇ ಮುಚ್ಚಿಹೋಯಿತು. ಆಟ ಮುಚ್ಚಲಿಲ್ಲ. 2020ರಲ್ಲಿ ಒಬ್ಬರ ಮುಖ ಇನ್ನೊಬ್ಬರು ಕಾಣದೆ ಮಾತಾಡಿ ಒಪ್ಪುವ 'ಲವ್ ಈಸ್ ಬ್ಲೈಂಡ್' ಬಂತು, 2024ರಲ್ಲಿ ಅದರ ಅರಬಿ ಅವತಾರವೂ ಬಂತು.

ಇವೆಲ್ಲ ನಾಚಿಕೆಗೇಡು ಎನ್ನುವವರು ನಮ್ಮಲ್ಲಿ ಬಹಳ. ಮದುವೆಯನ್ನು ಜಾಹೀರಾತಿನ ನಡುವೆ ಮಾರುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಕ್ಯಾಮೆರಾ ಇಲ್ಲದೆಯೇ ನಮ್ಮ ಹಜಾರಗಳಲ್ಲಿ ಎಷ್ಟು ಹುಡುಗಿಯರು ಮನೆಗೆ ಕಳುಹಿಸಲ್ಪಟ್ಟಿದ್ದಾರೆ! ಕಳುಹಿಸಲು ಬೇರೆ ಮನೆಯೂ ಇರಲಿಲ್ಲ, ಅಡುಗೆಮನೆಗೇ ಹಿಂದಿರುಗಿದರು ಅಷ್ಟೆ.

ಖಾಲಾ ಅವರ ಮಗಳನ್ನು ಆ ಹೊತ್ತಿಗೆ ಏಳು ಕಡೆಯವರು ನೋಡಿ ಹೋಗಿದ್ದರು. ನಾವು ಸ್ವಯಂವರ ನೋಡುವಾಗ ಅವಳು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು, ನಮ್ಮೊಂದಿಗೆ ಕೂರುತ್ತಿರಲಿಲ್ಲ. ಅದೇ ವರ್ಷ ಚಳಿಗಾಲದಲ್ಲಿ ಎಂಟನೆಯ ಪೈಗಾಮು ಬಂತು. ಫಿರ್ನಿ ಬಂತು. ಹುಡುಗನ ತಾಯಿ ರುಚಿ ನೋಡಿ, "ನೀನೇ ಮಾಡಿದ್ದಾ ಬೇಟಿ?" ಎಂದರು.

"ಇಲ್ಲ, ಅಮ್ಮಿ ಮಾಡಿದ್ದು" ಎಂದಳು. ಆಮೇಲೆ ತಲೆ ಎತ್ತಿ ಹುಡುಗನ ಕಡೆ ನೋಡಿ, "ಮದುವೆಯಾದ ಮೇಲೆ ನನ್ನ ಬಿ.ಎಡ್. ಮುಗಿಸಲು ಬಿಡುತ್ತೀರಾ?" ಎಂದು ಕೇಳಿದಳು.

ಅವನು ತಾಯಿಯ ಮುಖ ನೋಡಿದ. ತಾಯಿ ಬಟ್ಟಲನ್ನು ಕೆಳಗಿಟ್ಟರು. ಅರ್ಧ ಫಿರ್ನಿ ಹಾಗೇ ಇತ್ತು. ಅವರು ಮತ್ತೆ ಹೇಳಿಕಳುಹಿಸಲಿಲ್ಲ. ಖಾಲಾ ಎರಡು ದಿನ ಮಗಳೊಂದಿಗೆ ಮಾತಾಡಲಿಲ್ಲ. ವಾರಗಟ್ಟಲೆ ಟಿ.ವಿ. ಮುಂದೆ ಕೂತು ರಾಖಿಯ ಪರ ವಾದಿಸಿದ್ದ ನಾವು, ಆ ಎರಡು ದಿನ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ.