ಹಿಮ ಬೀಳದ ಸೀಮೆಯ ಹಿಮಾಲಯ

ಹಿಮ ಮುಸುಕಿದ ನೆಲದ ಮೇಲೆ ಮನುಷ್ಯರನ್ನು ಚಿತ್ರಿಸುವ ಪದ್ಧತಿ ಯುರೋಪಿನಲ್ಲಿ ಬೇರೂರಿದ್ದು 16ನೆಯ ಶತಮಾನದಲ್ಲಿ. ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ ಬೇಟೆಗಾರರ ಚಿತ್ರದಲ್ಲಿ ಬಿಳಿಯ ನೆಲದೆದುರು ಬೆನ್ನು ತಿರುಗಿಸಿ ನಡೆಯುವ ಆಳುಗಳೂ ನಾಯಿಗಳೂ ಕಪ್ಪಗೆ ಎದ್ದು ಕಾಣುತ್ತವೆ. ತುಂಗೆಯ ದಡದ ಶಿವಮೊಗ್ಗದಲ್ಲಾಗಲಿ ಭದ್ರೆಯ ದಡದ ಭದ್ರಾವತಿಯಲ್ಲಾಗಲಿ ಧನುರ್ಮಾಸದಲ್ಲಿ ಬೀಳುವುದು ಇಬ್ಬನಿಯೇ ಹೊರತು ಹಿಮವಲ್ಲ. ಆದರೂ ಶಿವನ ನೆಲೆಯಾದ್ದರಿಂದ ಹಿಮಾಲಯ ಈ ಸೀಮೆಯ ಕಲೆಗೆ ದೂರದ್ದಾಗಿರಲಿಲ್ಲ.

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ 13ನೆಯ ಶತಮಾನದ ತ್ರಿಕೂಟಾಚಲ, ಅಂದರೆ ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ತೆರೆದುಕೊಳ್ಳುವ ಹೊಯ್ಸಳ ಕಟ್ಟಡ. ಇದೇ ಶಿಲ್ಪಪರಂಪರೆ ಹಳೇಬೀಡಿನಲ್ಲಿ ರಾವಣ ಕೈಲಾಸವನ್ನೆತ್ತುವ ದೃಶ್ಯವನ್ನು ಕಡೆದಾಗ, ಬೆಟ್ಟವನ್ನು ಪ್ರಾಣಿಗಳು, ಮರಗಳು, ಪರಿವಾರದವರಿಂದ ಅಂತಸ್ತು ಅಂತಸ್ತಾಗಿ ತುಂಬಿ, ತುದಿಯಲ್ಲಿ ಶಿವಪಾರ್ವತಿಯರನ್ನು ಕೂರಿಸಿತು. ಹಿಮದ ಸುಳಿವು ಮಾತ್ರ ಎಲ್ಲಿಯೂ ಇಲ್ಲ. ಬಳಪದ ಕಲ್ಲಿನಲ್ಲಿ ಹಿಮ ಮೂಡದು ಎಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಬಣ್ಣ ಕೈಯಲ್ಲಿದ್ದ ಮೈಸೂರು ಶೈಲಿಯ ಚಿತ್ರಕಾರರೂ ಬಿಳಿಯನ್ನು ಸಾಮಾನ್ಯವಾಗಿ ಶಿವನ ಮೈಗೇ ಮೀಸಲಿಟ್ಟರು. ಬೆಟ್ಟವನ್ನು ಗುರುತಿಸುತ್ತಿದ್ದುದು ಅಲ್ಲಿ ವಾಸಿಸುವವರಿಂದ, ಹವೆಯಿಂದಲ್ಲ.

ಶಿವಮೊಗ್ಗ ನಗರದ ವಾಯವ್ಯಕ್ಕಿರುವ ಸಾಗರ, ಸೊರಬ ತಾಲ್ಲೂಕುಗಳ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಬ್ರೂಗೆಲನ ಲೆಕ್ಕವೇ ತಲೆಕೆಳಗಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆ ಒಣಗಿದ ಮೇಲೆ, ನೆನೆಸಿ ನುಣ್ಣಗೆ ಅರೆದ ಅಕ್ಕಿಹಿಟ್ಟಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ ಗೆರೆ ಎಳೆಯುತ್ತಾರೆ. ಮದುವೆಯ ಹಸೆಯಲ್ಲಿ ಗಂಡುಹೆಣ್ಣು, ದಂಡಿಗೆ, ತೇರು ಎಲ್ಲವೂ ಸರಳರೇಖೆ, ತ್ರಿಕೋನಗಳಲ್ಲಿ ಮೂಡುತ್ತವೆ. ನೆಲ ಕೆಂಪು, ಆಕೃತಿ ಬಿಳಿ. ಆ ಬಿಳುಪು ಭತ್ತದ ಗದ್ದೆಯದು. ಬಿಳಿಯನ್ನೇ ಹಿನ್ನೆಲೆಯಾಗಿ ಬಿಟ್ಟುಬಿಡುವ ಯೋಚನೆ ಇಂಥ ಕೈಗಳಿಗೆ ದುಂದುಗಾರಿಕೆಯೆನಿಸಿದ್ದರೆ ಆಶ್ಚರ್ಯವಿಲ್ಲ.

ಹಿಮದಲ್ಲಿ ನಿಜಕ್ಕೂ ನಡೆದವರ ಚಿತ್ರಗಳು ಕರ್ನಾಟಕಕ್ಕೆ ಬಂದದ್ದು ರಷ್ಯಾದ ರೋರಿಕ್ ಮನೆತನದಿಂದ. ನಿಕೊಲಸ್ ರೋರಿಕ್ (1874–1947) ಅವರ ಯಾತ್ರಾತಂಡವನ್ನು 1927–28ರ ಚಳಿಗಾಲದಲ್ಲಿ ಟಿಬೆಟ್ಟಿನ ಅಧಿಕಾರಿಗಳು ತಡೆದು ನಿಲ್ಲಿಸಿದ್ದರಿಂದ, ಸುಮಾರು ಐದು ತಿಂಗಳು ಡೇರೆಗಳಲ್ಲಿ ಕೊರೆಯುವ ಚಳಿಯನ್ನು ಸಹಿಸಬೇಕಾಯಿತು. ಜನರೂ ಹೇರುಪ್ರಾಣಿಗಳೂ ಸತ್ತರು. ಬಳಿಕ ಕುಲ್ಲು ಕಣಿವೆಯ ನಗ್ಗರಿನಲ್ಲಿ ನೆಲೆಸಿದ ಅವರು ಟೆಂಪೆರಾದಲ್ಲಿ, ಅಂದರೆ ಎಣ್ಣೆಯ ಹೊಳಪಿಲ್ಲದೆ ಒಣಗುವ ಬಣ್ಣದಲ್ಲಿ, ನೀಲಿ ಬಿಳಿ ಶಿಖರಗಳನ್ನು ಬರೆದರು. ಅನೇಕ ಚಿತ್ರಗಳಲ್ಲಿ ಮನುಷ್ಯಾಕೃತಿ ಹುಡುಕಿ ನೋಡಬೇಕಾದಷ್ಟು ಚಿಕ್ಕದು. ನಟಿ ದೇವಿಕಾರಾಣಿಯನ್ನು ಮದುವೆಯಾಗಿ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಬಾಳಿದ ಮಗ ಸ್ವೆತೊಸ್ಲಾವ್ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಡನೆ ನಿಕಟವಾಗಿದ್ದರು; ತಂದೆ ಮಗ ಇಬ್ಬರ ಚಿತ್ರಗಳೂ ಅಲ್ಲಿನ ಗ್ಯಾಲರಿಯಲ್ಲಿವೆ.