ಒರೆಯೊಳಗಿನ ಮರದ ಅಲಗು

ಆಯುಧವೊಂದು ಕಾಲಕ್ರಮದಲ್ಲಿ ಆಭರಣವಾಗಿ ಮಾರ್ಪಡುವುದು ಲೋಕದಲ್ಲಿ ಅಪೂರ್ವವಾದ ಸಂಗತಿಯೇನಲ್ಲ. ಆದರೆ ರಾಜಾಜ್ಞೆ, ವರ್ತಕರ ಹಣ, ಕುಶಲಕರ್ಮಿಗಳ ಜೀವನೋಪಾಯ ಈ ಮೂರೂ ಕೂಡಿ ಅಂಥ ಮಾರ್ಪಾಡಿಗೆ ಕಾರಣವಾದುದನ್ನು ಜಪಾನಿನ ಕಿರುಗತ್ತಿಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಆ ದೇಶದ ಅಳತೆಯಲ್ಲಿ ಒಂದು ಶಾಕು ಎಂದರೆ ಸುಮಾರು 30.3 ಸೆಂಟಿಮೀಟರ್. ಅಲಗು ಒಂದು ಶಾಕುವಿಗಿಂತ ಕಡಮೆಯಿದ್ದರೆ ಅದು ‘ತಾಂತೋ’. ಒಂದರಿಂದ ಎರಡು ಶಾಕುಗಳವರೆಗೆ ಇದ್ದರೆ ‘ವಾಕಿಜಾಶಿ’. ಎರಡನ್ನು ಮೀರಿದರೆ ಉದ್ದಗತ್ತಿ. ಇಂದು ಸಂಗ್ರಾಹಕರ ಗಾಜಿನ ಪೆಟ್ಟಿಗೆಗಳಲ್ಲಿ ಅಲಂಕಾರಕ್ಕಾಗಿ ಇರುವ ಕಿರುಗತ್ತಿಗಳು ಮೊದಲಿನ ಎರಡು ಜಾತಿಗೆ ಸೇರಿದವು.

1588ರಲ್ಲಿ ತೊಯೊತೊಮಿ ಹಿದೆಯೋಶಿಯು ರೈತರ ಬಳಿಯಿದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದನು. ಕ್ಯೋಟೋ ನಗರದಲ್ಲಿ ಕಟ್ಟಿಸುತ್ತಿದ್ದ ಮಹಾಬುದ್ಧನ ದೇಗುಲಕ್ಕೆ ಆ ಕಬ್ಬಿಣದಿಂದ ಮೊಳೆಗಳನ್ನು ಮಾಡಿಸುವುದಾಗಿ ಅದರಲ್ಲಿ ಹೇಳಿತ್ತು. ನೆಪವು ಎಷ್ಟೇ ಪವಿತ್ರವಾಗಿದ್ದರೂ ದಂಗೆಗಳನ್ನು ಅಡಗಿಸುವುದೇ ಅದರ ಹಿಂದಿನ ಉದ್ದೇಶವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಮುಂದೆ 1603ರಲ್ಲಿ ಆರಂಭವಾದ ತೊಕುಗಾವಾ ಆಳ್ವಿಕೆಯಲ್ಲಿ ಎರಡೂವರೆ ಶತಮಾನಗಳ ಕಾಲ ಬಹುತೇಕ ಶಾಂತಿ ನೆಲೆಸಿತು. ಉದ್ದಗತ್ತಿ ಮತ್ತು ಕಿರುಗತ್ತಿ ಎರಡನ್ನೂ ಧರಿಸುವುದು ಸಾಮುರಾಯಿಗಳ ಹಕ್ಕಾಯಿತು. ಪಟ್ಟಣದ ವರ್ತಕನು ಪ್ರಯಾಣದಲ್ಲಿಯೂ ಮಂಗಲಕಾರ್ಯಗಳಲ್ಲಿಯೂ ಒಂದೇ ಒಂದು ಕಿರುಗತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾಗಿತ್ತು.

ಈ ಒಂದು ಸಡಿಲಿಕೆಯಿಂದ ನಡೆದುದೇ ವಿಚಾರಾರ್ಹವಾದುದು. ವರ್ತಕನ ಕೈಯಲ್ಲಿ ಹಣವಿತ್ತು, ಸಮಾಜದಲ್ಲಿ ಸ್ಥಾನವಿರಲಿಲ್ಲ. ಉಡುಗೆ ತೊಡುಗೆಗಳಲ್ಲಿ ಆಡಂಬರ ಕೂಡದೆಂಬ ಕಟ್ಟಳೆಗಳೂ ಅವನ ಮೇಲಿದ್ದವು. ಕಾದಾಡುವ ಅಗತ್ಯವೇ ಇಲ್ಲದ ಆ ಕಿರುಗತ್ತಿಯ ಹಿಡಿ, ಒರೆ, ಕೈಗೆ ಕಾವಲಾದ ‘ತ್ಸುಬಾ’ ಎಂಬ ಬಿಲ್ಲೆ, ಹಿಡಿಯ ಹುರಿಯ ಕೆಳಗೆ ಅಡಗುವ ಪುಟ್ಟ ‘ಮೆನುಕಿ’ ಇವುಗಳಿಗೆ ಅವನು ಧಾರಾಳವಾಗಿ ವೆಚ್ಚಮಾಡಿದನು. ಅದುವರೆಗೆ ಇಂತಹ ಕೆಲಸದಲ್ಲಿ ಗೋತೋ ಮನೆತನವೇ ಪ್ರಧಾನವಾಗಿತ್ತು. 1512ರಲ್ಲಿ ತೀರಿಕೊಂಡ ಗೋತೋ ಯೂಜೋ ಅದರ ಮೂಲಪುರುಷ. ದೊರೆಗಳಿಗೆ ಕತ್ತಿಯ ಅಲಂಕಾರಗಳನ್ನು ಮಾಡಿಕೊಡುತ್ತಿದ್ದ ಆ ಮನೆತನವೇ ‘ಓಬಾನ್’ ಎಂಬ ದೊಡ್ಡ ಚಿನ್ನದ ನಾಣ್ಯಗಳನ್ನೂ ವ್ಯಾಪಾರಿಗಳ ತಕ್ಕಡಿಗೆ ಬೇಕಾದ ಅಧಿಕೃತ ಬಟ್ಟುಗಳನ್ನೂ ತಯಾರಿಸುತ್ತಿತ್ತು. ಕತ್ತಿಗೂ ತಕ್ಕಡಿಗೂ ಒಂದೇ ಮನೆಯವರು ಹೊಣೆಯಾಗಿದ್ದುದು ಕುತೂಹಲಕರ. ಯೊಕೊಯಾ ಸೋಮಿನ್ (1670–1733) ಎಂಬ ಕೆತ್ತನೆಗಾರನು ಸರ್ಕಾರದ ಆಶ್ರಯವನ್ನು ಬಿಟ್ಟು ಪಟ್ಟಣಿಗರಿಗಾಗಿ ಕೆಲಸಮಾಡತೊಡಗಿದನು. ಕುಂಚದ ಗೆರೆಯಂತೆ ದಪ್ಪವಾಗಿಯೂ ತೆಳ್ಳಗೂ ಸಾಗುವ ಉಳಿಯ ಗೆರೆಗಳಿಂದ ಲೋಹದ ಮೇಲೆ ಚಿತ್ರ ಬರೆದಂತೆ ಕೆತ್ತುವುದು ಅವನ ವೈಶಿಷ್ಟ್ಯ. ಇಂಥವರ ಕೆಲಸಕ್ಕೆ ‘ಪಟ್ಟಣದ ಕೆತ್ತನೆ’ ಎಂಬ ಹೆಸರೇ ನಿಂತಿತು.

ಈ ಕುಶಲಿಗರು ಬಳಸಿದ ಮಿಶ್ರಲೋಹಗಳಲ್ಲಿ ‘ಶಾಕುದೋ’ ಮುಖ್ಯವಾದುದು. ತಾಮ್ರಕ್ಕೆ ನೂರಕ್ಕೆ ಕೆಲವೇ ಪಾಲು ಚಿನ್ನವನ್ನು ಬೆರೆಸಿ, ಔಷಧಿಯ ನೀರಿನಲ್ಲಿ ಕುದಿಸಿದರೆ ಅದು ಕಾಗೆಯ ಗರಿಯಂತೆ ನೀಲಿ ಬೆರೆತ ಕಪ್ಪುಬಣ್ಣವನ್ನು ತಾಳುತ್ತದೆ. ಚಿನ್ನವಿರುವುದು ನೋಡುವವರಿಗೆ ತಿಳಿಯುವುದಿಲ್ಲ.

ಬೆಲೆ ಏರಿದಲ್ಲಿ ಮೋಸವೂ ಏರುತ್ತದೆ. ಕಮ್ಮಾರನ ಹೆಸರು ಇರುವುದು ಹಿಡಿಯೊಳಗೆ ಮರೆಯಾಗುವ ಅಲಗಿನ ಬುಡದಲ್ಲಿ. ಪ್ರಸಿದ್ಧರ ಹೆಸರನ್ನು ಸಾಮಾನ್ಯ ಅಲಗಿನ ಮೇಲೆ ಕೊರೆದು ಮಾರುವವರು ಹಿಂದಿನಿಂದಲೂ ಇದ್ದರು. 17ನೆಯ ಶತಮಾನದ ಕೊತೆತ್ಸು ಎಂಬ ಕಮ್ಮಾರನ ಹೆಸರು ಕಂಡರೆ ಮೊದಲು ಅದನ್ನು ಸುಳ್ಳೆಂದೇ ಭಾವಿಸಬೇಕೆಂಬ ಮಾತು ಆ ವ್ಯಾಪಾರದಲ್ಲಿ ರೂಢವಾಗಿದೆ. ಆದುದರಿಂದಲೇ ಬುಡದ ತುಕ್ಕನ್ನು ಯಾರೂ ಉಜ್ಜುವುದಿಲ್ಲ. ಅದರ ಬಣ್ಣವೇ ವಯಸ್ಸಿಗೆ ಸಾಕ್ಷಿ. ಸಾಣೆ ಹಿಡಿಯುವುದರಲ್ಲಿಯೂ ಪರೀಕ್ಷೆಯಲ್ಲಿಯೂ ಹೆಸರಾದ ಹೊನಾಮಿ ಮನೆತನದವರು ಅಲಗನ್ನು ಪರಿಶೀಲಿಸಿ, ಕರ್ತೃವನ್ನೂ ಬೆಲೆಯನ್ನೂ ಬರೆದು, ಮಡಿಸಿದ ಕಾಗದವನ್ನು ಕೊಡುತ್ತಿದ್ದರು. ಮಡಿಸಿದ ಆ ಕಾಗದಕ್ಕೆ ‘ಒರಿಗಾಮಿ’ ಎಂದು ಹೆಸರು. ‘ಒರಿಗಾಮಿ ಇರುವಂಥದು’ ಎಂದರೆ ನಂಬಿಕೆಗೆ ಅರ್ಹವಾದುದು ಎಂಬ ಅರ್ಥ ಜಪಾನೀ ಭಾಷೆಯಲ್ಲಿ ಇಂದಿಗೂ ಉಳಿದಿದೆ. ವರ್ತಕ ಸಮುದಾಯಕ್ಕೆ ಇದಕ್ಕಿಂತ ಚೆನ್ನಾಗಿ ತಿಳಿಯುವ ನುಡಿ ಇನ್ನೊಂದಿರಲಾರದು.

1876ರ ಮಾರ್ಚ್ 28ರಂದು ಮೇಜಿ ಸರ್ಕಾರವು ಸೈನಿಕರು, ಪೊಲೀಸರು ಮುಂತಾದವರನ್ನುಳಿದು ಯಾರೂ ಬಹಿರಂಗವಾಗಿ ಕತ್ತಿ ಧರಿಸಕೂಡದೆಂದು ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕುಮಾಮೊತೊದಲ್ಲಿ ಹಳೆಯ ಸಾಮುರಾಯಿಗಳು ದಂಗೆಯೆದ್ದರು. ದಂಗೆಕೋರರ ಕಥೆ ಇತಿಹಾಸದಲ್ಲಿ ವಿಸ್ತಾರವಾಗಿಯೇ ದಾಖಲಾಗಿದೆ. ಒಮ್ಮೆಗೇ ಕೆಲಸವಿಲ್ಲದಂತಾದ ಕಮ್ಮಾರರು, ಕೆತ್ತನೆಗಾರರು, ಒರೆಗೆ ಅರಗು ಬಳಿಯುವವರು, ಹುರಿ ಸುತ್ತುವವರ ಮಾತು ಅಷ್ಟಾಗಿ ಬರುವುದಿಲ್ಲ. ಕಾನೋ ನಾತ್ಸುಒ (1828–1898) ಅವರಲ್ಲಿ ಭಾಗ್ಯವಂತ. ಒಸಾಕಾದಲ್ಲಿ 1871ರಲ್ಲಿ ತೆರೆದ ಟಂಕಸಾಲೆಯ ಹೊಸ ನಾಣ್ಯಗಳಿಗೆ ಮಾದರಿಗಳನ್ನು ಕೆತ್ತಿದವನು ಕತ್ತಿಯ ಬಿಲ್ಲೆಗಳನ್ನು ಕೆತ್ತಿ ಪಳಗಿದ ಈತನೇ. 1890ರಲ್ಲಿ ಅವನಿಗೆ ಅರಮನೆಯ ಕಲಾವಿದನೆಂಬ ಗೌರವ ಸಂದಿತು. ಅನೇಕರು ಅದೇ ಉಳಿಯಿಂದ ಹೂಜಿ, ಧೂಪದ ಪಾತ್ರೆಗಳನ್ನು ಕೆತ್ತಿ ಹೊರದೇಶಗಳಿಗೆ ಕಳುಹಿಸಿದರು. ಕುಡುಗೋಲು, ಅಡುಗೆಮನೆಯ ಚಾಕುಗಳನ್ನು ಮಾಡಿ ಬದುಕಿದವರೂ ಇದ್ದರು. ಹಳೆಯ ಮನೆತನಗಳ ಕಿರುಗತ್ತಿಗಳು ಪಾಶ್ಚಾತ್ಯರ ಕೈಸೇರಿದವು. ಒಂದೇ ಕತ್ತಿಯ ಬಿಲ್ಲೆ, ಹಿಡಿಯ ತುದಿ, ಒರೆಯ ಪಕ್ಕದ ಪುಟ್ಟ ಚಾಕು ಬೇರೆಬೇರೆಯಾಗಿ ಮಾರಾಟವಾದುದೂ ಉಂಟು. 1882ರಲ್ಲಿ ಜಪಾನಿಗೆ ಹೋದ ವಿಲಿಯಂ ಸ್ಟರ್ಜಿಸ್ ಬಿಗೆಲೋ ಕೂಡಿಸಿದ ಅಪಾರ ಸಂಗ್ರಹವು ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಉಳಿಸಿದವರು ಹೊರಗಿನವರು, ಚದುರಿಸಿದವರೂ ಬಹುಮಟ್ಟಿಗೆ ಅವರೇ.

1945ರ ಸೋಲಿನ ಅನಂತರ ಮತ್ತೆ ಆಯುಧಗಳನ್ನು ಒಪ್ಪಿಸಬೇಕಾಯಿತು. ಟೋಕಿಯೋದ ಅಕಾಬಾನೆಯ ಉಗ್ರಾಣದಲ್ಲಿ ಕತ್ತಿಗಳು ರಾಶಿಬಿದ್ದವು. ವಿದ್ವಾಂಸ ಹೊನ್ಮಾ ಜುನ್ಜಿ ಮತ್ತು ಅಮೆರಿಕದ ಸೇನಾಧಿಕಾರಿ ಕ್ಯಾಡ್ವೆಲ್ ಅವರ ಪ್ರಯತ್ನದಿಂದ ಕಲಾಮೌಲ್ಯವಿದ್ದವುಗಳನ್ನು ಪ್ರತ್ಯೇಕಿಸುವುದಕ್ಕೆ ಅವಕಾಶ ದೊರೆಯಿತು. 1948ರಲ್ಲಿ ಇವುಗಳ ಸಂರಕ್ಷಣೆಗಾಗಿಯೇ ಒಂದು ಸಂಘ ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಕತ್ತಿಯು ಬದುಕಿರುವುದು ಕಲಾಕೃತಿಯೆಂಬ ಒಂದೇ ಆಧಾರದ ಮೇಲೆ. ನೋಂದಣಿ ಪತ್ರವು ಕತ್ತಿಯದು, ಒಡೆಯನದಲ್ಲ. ಯಂತ್ರದಿಂದ ತಯಾರಾದ ಸೈನ್ಯದ ಕತ್ತಿಗಳಿಗೆ ಅದು ದೊರೆಯುವುದಿಲ್ಲ. ಪರವಾನಗಿ ಪಡೆದ ಕಮ್ಮಾರನು ತಿಂಗಳಿಗೆ ಎರಡು ಉದ್ದಗತ್ತಿ ಇಲ್ಲವೆ ಮೂರು ಕಿರುಗತ್ತಿಗಳಿಗಿಂತ ಹೆಚ್ಚು ಮಾಡುವಂತಿಲ್ಲ. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ, ಸತುವಿನ ಮಿಶ್ರಲೋಹದ, ಹರಿತ ಮಾಡಲಾಗದ ಅನುಕರಣಗಳದು ಬೇರೆಯೇ ಮಾತು. ಅವುಗಳನ್ನು ಪ್ರಾಚೀನವೆಂದು ಹೇಳಿ ಮಾರದಿದ್ದರೆ ತಪ್ಪೇನೂ ಇಲ್ಲ.

ನಿಜವಾದ ಹಳೆಯ ಕಿರುಗತ್ತಿಯನ್ನು ಇಡುವ ಕ್ರಮವೊಂದಿದೆ. ಅಲಂಕೃತವಾದ ಒರೆಯಲ್ಲಿಯೇ ಅಲಗನ್ನು ಬಹುಕಾಲ ಬಿಟ್ಟರೆ ತೇವ ಹಿಡಿದು ತುಕ್ಕು ಬರಬಹುದು. ಆದುದರಿಂದ ಉಕ್ಕಿನ ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ‘ಹೋ’ ಮರದ ಬಿಳಿಯ ಸಾದಾ ಒರೆಯಲ್ಲಿ ಬೇರೆಯಾಗಿ ಇಡುತ್ತಾರೆ. ಚಿನ್ನದ ಕೆತ್ತನೆ, ಮೀನಿನ ಚರ್ಮ, ರೇಷ್ಮೆ ಹುರಿಗಳ ಅಲಂಕಾರವೆಲ್ಲ ಕಳಚದಂತೆ ನಿಲ್ಲಲು ಅದೇ ಅಳತೆಯ ಮರದ ಅಲಗೊಂದನ್ನು ಕೆತ್ತಿ ಒಳಗೆ ಸೇರಿಸುತ್ತಾರೆ. ಇದನ್ನು ‘ತ್ಸುನಾಗಿ’ ಎನ್ನುವರು. ಪ್ರದರ್ಶನದಲ್ಲಿ ಹಿಡಿ ಒರೆಗಳ ಸೊಬಗನ್ನು ನೋಡಿ ಜನರು ಮೆಚ್ಚುವ ಕಿರುಗತ್ತಿಯೊಳಗೆ ಸಾಮಾನ್ಯವಾಗಿ ಇರುವುದು ಆ ಮರದ ತುಂಡು.