ಅಂಚೆಯಲ್ಲಿ ಬಂದ ರೈಫಲ್

1963ರ ಮಾರ್ಚ್ 20ರಂದು ಅಮೆರಿಕದ ಎರಡು ಊರುಗಳಿಂದ ಟೆಕ್ಸಾಸ್‌ನ ಡಲ್ಲಾಸ್ ನಗರಕ್ಕೆ ಎರಡು ಪಾರ್ಸೆಲ್ ಹೊರಟವು. ಎರಡೂ ಹೈಡೆಲ್ ಎಂಬುವನ ಹೆಸರಿಗೆ, ಅಂಚೆ ಪೆಟ್ಟಿಗೆ ಸಂಖ್ಯೆ 2915. ಷಿಕಾಗೋದಿಂದ ಬಂದದ್ದು ಇಟಲಿಯ ಸೈನ್ಯದ ಹಳೆಯ ರೈಫಲ್. ದುರ್ಬೀನು ಸೇರಿ 19.95 ಡಾಲರ್, ಸಾಗಣೆಗೆ ಇನ್ನೊಂದೂವರೆ ಡಾಲರ್. ಲಾಸ್ ಏಂಜಲಿಸ್‌ನಿಂದ ಬಂದದ್ದು ರಿವಾಲ್ವರ್. ಹೈಡೆಲ್ ಎಂಬ ಮನುಷ್ಯನೇ ಇರಲಿಲ್ಲ. ಆ ಪೆಟ್ಟಿಗೆಯನ್ನು ಬಾಡಿಗೆಗೆ ಪಡೆದಿದ್ದವನು ಲೀ ಹಾರ್ವೆ ಆಸ್ವಾಲ್ಡ್. ಅದೇ ವರ್ಷದ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ರೈಫಲ್ಲಿನ ಗುಂಡಿಗೆ ಬಲಿಯಾದರು. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಟಿಪಿಟ್ ಎಂಬ ಪೊಲೀಸ್ ಅಧಿಕಾರಿ ರಿವಾಲ್ವರ್‌ಗೆ ಬಲಿಯಾದರು.

ಈ ಕತೆಯನ್ನು ನೀವು ಹತ್ತಾರು ಸಲ ಓದಿರಬಹುದು. ನನ್ನ ಕಣ್ಣು ನಿಂತದ್ದು ಸಾಗಣೆಯ ವಿವರದ ಮೇಲೆ. ರೈಫಲ್ ಸರ್ಕಾರಿ ಅಂಚೆಯಲ್ಲೇ ಬಂತು. ರಿವಾಲ್ವರ್ ಮಾತ್ರ ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ ಎಂಬ ಖಾಸಗಿ ಸಾಗಣೆ ಕಂಪನಿಯ ಮೂಲಕ ಬಂತು. ಬಾಕಿ ಹಣ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಈ ಭೇದದ ಹಿಂದೆ 1927ರ ಒಂದು ಕಾನೂನಿದೆ. ಮೈಮೇಲೆ ಬಚ್ಚಿಟ್ಟುಕೊಳ್ಳಬಹುದಾದ ಬಂದೂಕನ್ನು ಜನಸಾಮಾನ್ಯರು ಅಂಚೆಯಲ್ಲಿ ಕಳಿಸುವಂತಿಲ್ಲ ಎಂದು ಅದು ಹೇಳಿತು. ಅಂದರೆ ಪಿಸ್ತೂಲು, ರಿವಾಲ್ವರ್ ಇತ್ಯಾದಿ. ಉದ್ದ ನಳಿಗೆಯವುಗಳ ಗೊಡವೆಗೆ ಅದು ಹೋಗಲಿಲ್ಲ. ಖಾಸಗಿ ಕಂಪನಿಗಳನ್ನೂ ಮುಟ್ಟಲಿಲ್ಲ. (ಅನುವಾದಕಿಯಾಗಿ ನನಗೆ ಇಲ್ಲೊಂದು ಪೇಚು. ಕನ್ನಡದಲ್ಲಿ ಬಂದೂಕು, ಕೋವಿ ಅಂದರೆ ಮುಗಿಯಿತು. ಅಲ್ಲಿ ಇಡೀ ಕಾನೂನು ನಿಂತಿರುವುದೇ ಕೋಟಿನೊಳಗೆ ಹಿಡಿಸುತ್ತದೋ ಇಲ್ಲವೋ ಎಂಬುದರ ಮೇಲೆ.)

ರೈಫಲ್ಲಿಗೆ ಈ ರಿಯಾಯಿತಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಗಾಡಿನ ಅಮೆರಿಕದಲ್ಲಿ ಅದು ಬೇಟೆಯ ಸಾಮಾನು, ತೋಟದ ಸಾಮಾನು. ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗ್‌ನಲ್ಲಿ ಹೊಲಿಗೆ ಯಂತ್ರ, ಒಲೆಗಳ ಜೊತೆಗೇ ಬಂದೂಕುಗಳೂ ಇರುತ್ತಿದ್ದವು. ಚೀಟಿ ತುಂಬಿ ಹಣ ಕಳಿಸಿದರೆ ಸಾಮಾನು ಬರುತ್ತಿತ್ತು. ಕೊಳ್ಳುವವನು ಯಾರೆಂದು ಮಾರುವವನು ನೋಡುವ ಪ್ರಸಂಗವೇ ಇರಲಿಲ್ಲ.

ಸೆನೆಟರ್ ಥಾಮಸ್ ಡಾಡ್ ಇದರ ಬೆನ್ನು ಹತ್ತಿದ್ದು ಕೆನಡಿ ಹತ್ಯೆಗೆ ಮೊದಲೇ. 1963ರ ಆಗಸ್ಟ್‌ನಲ್ಲಿ ಅವರು ಮಂಡಿಸಿದ ಮಸೂದೆ ಕೈಬಂದೂಕುಗಳಿಗೆ ಮಾತ್ರ ಸಂಬಂಧಿಸಿದ್ದು. ಹತ್ಯೆಯಾದ ಮೇಲೆ ಅದಕ್ಕೆ ರೈಫಲ್ಲೂ ಸೇರಿತು. ಆಗ ರಾಷ್ಟ್ರೀಯ ರೈಫಲ್ ಸಂಘದ ಮುಖ್ಯ ಅಧಿಕಾರಿ ಫ್ರಾಂಕ್ಲಿನ್ ಆರ್ಥ್ ಕೂಡ ಸಂಸತ್ತಿನ ಮುಂದೆ ಈ ಸೇರ್ಪಡೆಯನ್ನು ಒಪ್ಪಿ ಮಾತಾಡಿದ್ದರು. ಇವತ್ತು ನಂಬುವುದು ಕಷ್ಟ. ಆದರೂ ಮಸೂದೆ ವರ್ಷಗಟ್ಟಲೆ ಕೊಳೆಯಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ, ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಪ್ರತಿ ಬಂದೂಕಿನ ನೋಂದಣಿ, ಮಾಲೀಕರಿಗೆ ಪರವಾನಗಿ ಎರಡನ್ನೂ ಅವರು ಕೇಳಿದ್ದರು. ಎರಡೂ ಸಿಗಲಿಲ್ಲ, ಸಹಿ ಹಾಕುವಾಗಲೇ ಅದನ್ನು ಹೇಳಿಕೊಂಡರು.

ಸಿಕ್ಕಿದ್ದು ಒಂದು ಗಡಿರೇಖೆ. ಪರವಾನಗಿ ಇಲ್ಲದವನು ಬೇರೆ ರಾಜ್ಯದವನಿಗೆ ಬಂದೂಕನ್ನು ನೇರವಾಗಿ ಕಳಿಸುವಂತಿಲ್ಲ. ಅದು ಪರವಾನಗಿ ಇರುವ ವ್ಯಾಪಾರಿಯ ಕೈಗೇ ಹೋಗಬೇಕು. ಒಂದು ರಾಜ್ಯದ ಬಿಗಿ ಕಾನೂನನ್ನು ಇನ್ನೊಂದು ರಾಜ್ಯದ ಕ್ಯಾಟಲಾಗ್ ಪೊಳ್ಳು ಮಾಡುತ್ತಿತ್ತು, ಅದನ್ನು ತಡೆಯುವುದು ಉದ್ದೇಶ. ರಾಜ್ಯದೊಳಗಿನ ವ್ಯವಹಾರವನ್ನು ಆಯಾ ರಾಜ್ಯಕ್ಕೇ ಬಿಟ್ಟರು. ಹಾಗಾಗಿ ಹಳೆಯ ರಿಯಾಯಿತಿ ಅಲ್ಲಿ ಉಳಿದುಕೊಂಡಿತು: ಸಾಮಾನ್ಯ ಮನುಷ್ಯನೊಬ್ಬ ತನ್ನದೇ ರಾಜ್ಯದ ಇನ್ನೊಬ್ಬನಿಗೆ ರೈಫಲ್ ಮಾರಿ ಅಂಚೆಯಲ್ಲೇ ಕಳಿಸಬಹುದು. ಗುಂಡು ತುಂಬಿರಬಾರದು. ಗುಂಡುಗಳನ್ನು ಅಂಚೆಯಲ್ಲಿ ಕಳಿಸುವಂತೆಯೇ ಇಲ್ಲ. ಪೊಟ್ಟಣದ ಹೊರಗೆ ಒಳಗೇನಿದೆ ಎಂಬ ಸುಳಿವು ಇರಬಾರದು. ಕೊಳ್ಳುವವನು ಬಂದೂಕು ಹೊಂದಲು ಅನರ್ಹ ಎಂದು ತಿಳಿದೂ ಮಾರಿದರೆ ಅಪರಾಧ; ಆದರೆ ವಿಚಾರಿಸಲೇಬೇಕೆಂದು ಕೇಂದ್ರದ ಕಾನೂನು ಖಾಸಗಿ ಮಾರಾಟಗಾರನಿಗೆ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಾವೇ ಬಿಗಿ ಮಾಡಿ, ಇಂಥ ಮಾರಾಟವೂ ವ್ಯಾಪಾರಿಯ ಮೂಲಕ, ಪೂರ್ವಾಪರ ತಪಾಸಣೆಯೊಂದಿಗೇ ನಡೆಯಬೇಕು ಎಂದಿವೆ. ಟೆಕ್ಸಾಸ್ ಹಾಗೆ ಮಾಡಿಲ್ಲ.

ಹೊಸ ಕಾಯ್ದೆಯಿದ್ದಿದ್ದರೆ ಷಿಕಾಗೋದ ಅಂಗಡಿ ಡಲ್ಲಾಸ್‌ಗೆ ಆ ಪೊಟ್ಟಣ ಕಳಿಸಲಾಗುತ್ತಿರಲಿಲ್ಲ ನಿಜ. ಅದೇ ರೈಫಲ್ಲನ್ನು ಟೆಕ್ಸಾಸ್‌ನ ಯಾರೋ ಒಬ್ಬರು ಮಾರಲು ಇಟ್ಟಿದ್ದರೆ?

ಆ ರಾಜ್ಯದ ಈಶಾನ್ಯ ತುದಿಯಲ್ಲಿ ಟೆಕ್ಸರ್ಕಾನಾ ಎಂಬ ಊರಿದೆ. ಅರ್ಧ ಟೆಕ್ಸಾಸ್, ಅರ್ಧ ಆರ್ಕನ್ಸಾ. ಅಲ್ಲಿನ ಅಂಚೆ ಕಚೇರಿಯ ಕಟ್ಟಡ ಗಡಿರೇಖೆಯ ಮೇಲೆಯೇ ಕೂತಿದೆ. ಊರಿನ ಟೆಕ್ಸಾಸ್ ಭಾಗದವನು ಸುಮಾರು 1,300 ಕಿಲೋಮೀಟರ್ ಆಚೆಯ ಎಲ್ ಪಾಸೋದಲ್ಲಿರುವ, ಎಂದೂ ಮುಖ ನೋಡದವನಿಗೆ ರೈಫಲ್ಲನ್ನು ಅಂಚೆಗೆ ಹಾಕಬಹುದು. ಎದುರು ಸಾಲಿನ ಮನೆಯ ಪರಿಚಯದವನಿಗಾದರೆ, ನಡುವೆ ಒಬ್ಬ ವ್ಯಾಪಾರಿ ಬೇಕು.